ಒಂದು ಚಿಟಿಕೆ ಹಿಂಡಿ

ಮಕರ ಸಂಕ್ರಾಂತಿಯ ಸುಮಾರಿಗೆ ಸೊಲ್ಲಾಪುರದಲ್ಲಿ ಶ್ರೀ ಸಿದ್ಧರಾಮೇಶ್ವರರ ಜಾತ್ರೆ ಜರುಗುವುದು ವಾಚಕರಿಗೆ ವಿದಿತವೇ. ಹನ್ನೆರಡನೆಯ ಶತಮಾನದ ಆ ವಚನಕಾರ ಶರಣರು ಸ್ಥಾಪಿಸಿದರೆನ್ನುವ 68 ಲಿಂಗಗಳಿಗೆ ನಂದಿಧ್ವಜಗಳು ಪ್ರದಕ್ಷಿಣೆ ಬರುವ ವೈಭವವನ್ನು ಬಲ್ಲವರು ಬಹಳ ಬರೆದಿದ್ದಾರೆ. ನಾವು ಹೇಳಹೊರಟಿರುವುದು ಹೋಮ ಮೈದಾನದ ಅಂಗಡಿಸಾಲುಗಳ ರುಚಿಯನ್ನು ಕುರಿತು.

ಭಜಿ, ಚುರಮುರಿ, ಬೆಂಡು-ಬತ್ತಾಸುಗಳು ಯಾವ ಜಾತ್ರೆಯಲ್ಲಿಯೂ ಉಂಟು. ಸೊಲ್ಲಾಪುರದ ಹೆಸರನ್ನು ದೂರ ದೂರ ಒಯ್ದದ್ದು ಶೇಂಗಾ ಹಿಂಡಿ. ಹನ್ನೂರಿನಿಂದ ಮಕ್ಕಳನ್ನು ಕರೆದುಕೊಂಡು ಹೋದಾಗ ಒಬ್ಬ ತಾಯಿಯ ಬುಟ್ಟಿಯ ಮುಂದೆ ನಿಂತೆವು.

"ಗುರುಗಳ, ಮೊದಲ ಅಂಗೈಮ್ಯಾಲ ಹಾಕ್ಕೊಂಡು ತಿಂದು ನೋಡ್ರಿ. ಮನಸಿಗಿ ಬಂದ್ರ ಒಯ್ರಿ."

"ಕುಟ್ಟಿದ್ದೋ, ಮಷಿನ್‌ದ್ದೋ, ಅವ್ವಾ?"

"ಕುಟ್ಟಿದ್ದರಿ. ಹಿಚುಕಿ ನೋಡ್ರಿ, ಎಣ್ಣಿ ಬಿಡ್ತದ."

ಈ ಎಣ್ಣೆಯೇ ಮರ್ಮ. ಹುರಿದ ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ, ಜೀರಿಗೆ, ಉಪ್ಪುಗಳನ್ನು ಒರಳಿನಲ್ಲಿ ಕುಟ್ಟಿದಾಗ ಕಾಳು ಜಜ್ಜಿ, ಒಳಗಿನ ಎಣ್ಣೆ ಮೆಲ್ಲನೆ ಹೊರಬಿದ್ದು, ಖಾರವನ್ನೂ ಬೆಳ್ಳುಳ್ಳಿಯನ್ನೂ ಹಿಡಿದುಕೊಳ್ಳುತ್ತದೆ. ಯಂತ್ರದ ಅಲಗಾದರೋ ಕಾಳನ್ನು ಕತ್ತರಿಸಿ ಪುಡಿಮಾಡುತ್ತದೆ. ಇನ್ನಷ್ಟು ತಿರುಗಿಸಿದರೆ ಅಂಟು ಮುದ್ದೆ! ಅಂದವಾದ ಪೊಟ್ಟಣಗಳಲ್ಲಿ ಬರುವ ನುಣ್ಣನೆಯ ಪುಡಿಗೆ ಈ ಹೆಸರು ಸಲ್ಲದೆಂಬುದು ನಮ್ಮ ಮತ. ಕುಟ್ಟುವ ಕೈಗಳಿಗೆ ತಕ್ಕ ಬೆಲೆ ದೊರೆಯದಿದ್ದರೆ ಒರಳು ಮೂಲೆಗೆ ಸೇರುವುದು ನಿಶ್ಚಯ.

ಅಷ್ಟರಲ್ಲಿ ಒಬ್ಬ ಹುಡುಗ ಪಕ್ಕದ ಅಂಗಡಿಯ ಮರಾಠಿ ಫಲಕವನ್ನೋದಿ, "ಗುರುಗಳ, ಇದು ಹಿಂಡಿ ಅಲ್ಲರಿ, ಚಟ್ನಿ ಅಂತ ಬರದಾರ" ಎಂದನು. ಆ ತಾಯಿ ನಕ್ಕು, "ಬೋರ್ಡಿನ್ಯಾಗ ಚಟ್ನಿ, ನಮ್ಮ ಮನ್ಯಾಗ ಹಿಂಡಿನೇ ತಮ್ಮಾ" ಎಂದು ಅವನ ಅಂಗೈಗೂ ಒಂದು ಚಿಟಿಕೆ ಹಾಕಿದಳು. ಈ ಒಂದು ಮಾತು ನಮ್ಮ ಇಡೀ ಭಾಷಾಪಾಠಕ್ಕಿಂತ ಚೆನ್ನಾಗಿ ನಾಟಿತು.

ಜಪಾನಿನ ಕ್ಯೋಟೋ ನಗರದಲ್ಲಿ ನಿಶಿಕಿ ಎಂಬ, ಮೇಲೆ ಮಾಡು ಹೊದಿಸಿದ ಹಳೆಯ ಪೇಟೆಯೊಂದಿದೆ. ಸುಮಾರು 390 ಮೀಟರು ಉದ್ದ, ನೂರಕ್ಕೂ ಮಿಕ್ಕ ಅಂಗಡಿಗಳು. ನಡೆಯುತ್ತ ತಿನ್ನದೆ ಕೊಂಡಲ್ಲಿಯೇ ನಿಂತು ತಿನ್ನಿರೆಂದು ಅಲ್ಲಿಯ ವರ್ತಕರು ಬಂದವರನ್ನು ಕೋರುತ್ತಾರೆ. ನಮ್ಮ ಜಾತ್ರೆಯ ಜಂಗುಳಿಯಲ್ಲಿ ಯಾರು ಕೇಳಬೇಕು! ಆದರೂ ಹಿಂಡಿಯ ಜೊತೆಗೆ ಖಡಕ್ ರೊಟ್ಟಿಯನ್ನು ಮುರಿಯುವಾಗ ಒಂದು ಕಡೆ ಕೂಡ್ರುವುದೇ ಲೇಸು. ತೇವವೆಲ್ಲ ಆರಿದ ಈ ರೊಟ್ಟಿ ಬಹುದಿನ ಕೆಡದು. ಬಸವಣ್ಣನವರ ಮಂಗಳವೇಢೆಯ ಮಾಲದಂಡಿ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಭೋಗಿಯ ದಿನವಾದರೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯೇ ಆಗಬೇಕು.

ಇದೇ ದಿನಗಳಲ್ಲಿ ಹೊಲಗಳಲ್ಲಿ ಸೀತನಿ. ಮರಾಠಿಯಲ್ಲಿ ಇದಕ್ಕೆ ಹುರಡಾ ಎನ್ನುವರು. ಹಾಲುಗಾಳಿನ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಬೆಲ್ಲದೊಡನೆಯೋ ಹಿಂಡಿ-ಮೊಸರಿನೊಡನೆಯೋ ತಿನ್ನಬೇಕು. ತಡಮಾಡಿದರೆ ಕಾಳು ಬಲಿತುಬಿಡುತ್ತದೆ.