ತಕ್ಕಡಿ ತೂಗುವುದು, ಕ್ರಿಯೆ ಎಣಿಸುವುದು

1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟನ್ನು ಕಟ್ಟಿದ್ದು ಸಿಮೆಂಟಿನಿಂದಲ್ಲ, ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಬೆರೆಸಿ ಅರೆದ ಸುರ್ಕಿ ಗಾರೆಯಿಂದ ಎಂಬುದನ್ನು ಶ್ರೀರಂಗಪಟ್ಟಣದ ಸೀಮೆಯಲ್ಲಿ ಎಲ್ಲರೂ ಅಭಿಮಾನದಿಂದ ಹೇಳುತ್ತಾರೆ. ಪಾಂಡವಪುರ, ಕೃಷ್ಣರಾಜಪೇಟೆಗಳ ಆಲೆಮನೆಗಳಲ್ಲಿ ಕೊಪ್ಪರಿಗೆಯೊಳಗೆ ಕುದಿಯುವ ಕಬ್ಬಿನ ಹಾಲಿನ ಹುಳಿಯನ್ನು ಅಡಗಿಸಿ ಅದರ ಮಡ್ಡಿಯನ್ನು ಮೇಲಕ್ಕೆ ತರಲು ಉಪಯೋಗಿಸುವುದೂ ಇದೇ ಸುಣ್ಣವನ್ನೇ. ಹೀಗೆ ಸುಣ್ಣದೊಡನೆ ತಲೆಮಾರುಗಳಿಂದ ಬಳಕೆಯಿರುವ ನಾಡಿನ ಮಕ್ಕಳು, ಪ್ರೌಢಶಾಲೆಯಲ್ಲಿ ಆ ಸುಣ್ಣವೇ ಸಮೀಕರಣದ ವೇಷ ಧರಿಸಿ ಎದುರು ನಿಂತಾಗ, ಮೋಲ್ ಎಂಬ ಹೆಸರನ್ನು ಕೇಳಿದೊಡನೆಯೇ ಧೈರ್ಯಗೆಡುವುದು ಖೇದಕರವಾದ ಸಂಗತಿ. ಅವರಿಗೆ ಬುದ್ಧಿಯ ಕೊರತೆಯಿಲ್ಲ. ಲೆಕ್ಕಕ್ಕೆ ಮೊದಲೇ ಮನಸ್ಸಿನಲ್ಲಿ ಬೇರೂರಿದ ಕೆಲವು ತಪ್ಪು ಕಲ್ಪನೆಗಳನ್ನು ಯಾರೂ ಕಿತ್ತು ತೆಗೆಯದಿರುವುದೇ ಈ ಭಯಕ್ಕೆ ಕಾರಣವೆಂದು ನಾನು ದೃಢವಾಗಿ ನಂಬಿದ್ದೇನೆ.

ಇವುಗಳಲ್ಲೆಲ್ಲ ಪ್ರಬಲವಾದದ್ದು, ಸಮೀಕರಣದಲ್ಲಿ ಕಾಣುವ ಅಂಕಿಗಳು ತೂಕವನ್ನು ಹೇಳುತ್ತವೆಂಬ ನಂಬಿಕೆ. ಒಂದು ಪಾಲು ಸುಟ್ಟ ಸುಣ್ಣ, ಒಂದು ಪಾಲು ನೀರು, ಇವು ಸೇರಿ ಒಂದು ಪಾಲು ಅರಳಿದ ಸುಣ್ಣ ಎಂದು ಬರೆದಿದ್ದರೆ, ಒಂದು ಕಿಲೋ ಸುಣ್ಣಕ್ಕೆ ಒಂದು ಕಿಲೋ ನೀರೇ ಸಮನಾದ ಜೋಡಿಯೆಂದು ವಿದ್ಯಾರ್ಥಿಯು ಭಾವಿಸುತ್ತಾನೆ. ವಾಸ್ತವವಾಗಿ ಆ ಅಂಕಿಗಳು ಕಣಗಳ ಎಣಿಕೆಯನ್ನು ಹೇಳುತ್ತವೆಯೇ ಹೊರತು ತೂಕವನ್ನಲ್ಲ. ಆ ಎಣಿಕೆಯ ಮಾನವೇ ಮೋಲ್, ಒಂದು ಗೊತ್ತಾದ ಸಂಖ್ಯೆಯ ಕಣಗಳ ಗುಂಪು. ಸಂತೆಯಲ್ಲಿ ನೂರು ತೆಂಗಿನಕಾಯಿಯನ್ನೂ ನೂರು ನಿಂಬೆಹಣ್ಣನ್ನೂ ಕೊಂಡವನ ಎರಡು ಮೂಟೆಗಳು ಎಣಿಕೆಯಲ್ಲಿ ಸಮನಾಗಿದ್ದರೂ ಹೊರೆಯಲ್ಲಿ ಸಮನಲ್ಲವಷ್ಟೆ. ಅಂತೆಯೇ ಒಂದು ಮೋಲ್ ಸುಟ್ಟ ಸುಣ್ಣ 56 ಗ್ರಾಂ ತೂಗಿದರೆ, ಒಂದು ಮೋಲ್ ನೀರು ತೂಗುವುದು 18 ಗ್ರಾಂ ಮಾತ್ರ. ಎರಡೂ ಕೂಡಿ 74 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಈ ಪ್ರಮಾಣದಂತೆ ಒಂದು ಕಿಲೋ ಶುದ್ಧವಾದ ಸುಟ್ಟ ಸುಣ್ಣವು ತನ್ನೊಳಗೆ ಸೇರಿಸಿಕೊಳ್ಳುವ ನೀರು ಸುಮಾರು 321 ಗ್ರಾಂ. ಗಾರೆಯ ಕೆಲಸದವರು ಅದಕ್ಕಿಂತ ಬಹಳ ಹೆಚ್ಚು ನೀರನ್ನು ಹೊಯ್ಯುತ್ತಾರೆಂಬುದು ನಿಜ. ಆದರೆ ಆ ಹೆಚ್ಚುವರಿ ನೀರಿನಲ್ಲಿ ಕೆಲವಂಶ ಸುಣ್ಣ ಅರಳುವಾಗಿನ ಕಾವಿಗೆ ಆವಿಯಾಗಿ ಹೋಗುತ್ತದೆ, ಉಳಿದದ್ದು ನೀರಾಗಿಯೇ ಉಳಿದು ಸುಣ್ಣವನ್ನು ಹದಗೊಳಿಸುತ್ತದೆ.

ಇದರ ಬೆನ್ನಿಗೇ ಹುಟ್ಟುವ ಇನ್ನೊಂದು ಭ್ರಮೆ, ತೂಕದಲ್ಲಿ ಕಡಿಮೆಯಾದ ಪದಾರ್ಥವೇ ಮೊದಲು ಮುಗಿದುಹೋಗುತ್ತದೆ ಎಂಬುದು. ಒಂದು ಕಿಲೋ ಸುಣ್ಣಕ್ಕೆ 400 ಗ್ರಾಂ ನೀರನ್ನು ಎರೆದೆವೆಂದುಕೊಳ್ಳೋಣ, ಒಂದು ಹನಿಯೂ ಆವಿಯಾಗಲಿಲ್ಲವೆಂದೂ ಭಾವಿಸೋಣ. ನೀರು ಸುಣ್ಣದ ಅರ್ಧದಷ್ಟೂ ಇಲ್ಲ. ಆದರೂ ಮೊದಲು ಮುಗಿಯುವುದು ಸುಣ್ಣ, 79 ಗ್ರಾಂ ನೀರು ಹಾಗೆಯೇ ಉಳಿಯುತ್ತದೆ. ಯಾವುದು ಮೊದಲು ಮುಗಿಯುವುದೆಂಬುದನ್ನು ತಿಳಿಯಬೇಕಾದರೆ ಎರಡನ್ನೂ ಮೊದಲು ಮೋಲುಗಳಿಗೆ ಪರಿವರ್ತಿಸಿ ಸಮೀಕರಣದ ಎಣಿಕೆಯೊಡನೆ ಹೋಲಿಸಲೇಬೇಕು, ಇದಕ್ಕೆ ಅಡ್ಡದಾರಿಯಿಲ್ಲ.

ನಾಗಮಂಗಲವು ಲೋಹದ ವಿಗ್ರಹಗಳಿಗೆ ಹಿಂದಿನಿಂದಲೂ ಹೆಸರಾದ ಊರು. ಎರಕದವನು ತಾಮ್ರಕ್ಕೆ ಸತುವನ್ನು ತುಸು ಹೆಚ್ಚು ಸೇರಿಸಿದರೂ ತುಸು ಕಡಿಮೆ ಸೇರಿಸಿದರೂ ಹಿತ್ತಾಳೆ ಹಿತ್ತಾಳೆಯೇ, ಬಣ್ಣ ಮತ್ತು ಗಡಸುತನ ಮಾತ್ರ ವ್ಯತ್ಯಾಸವಾದೀತು. ಮಿಶ್ರಲೋಹದಲ್ಲಿರುವ ಈ ಸ್ವಾತಂತ್ರ್ಯವನ್ನು ಕಂಡು ಎಲ್ಲ ಪದಾರ್ಥಗಳೂ ಹೀಗೆಯೇ ಎಂದು ಬಗೆಯುವುದು ಸಹಜವಾದರೂ ಸರಿಯಲ್ಲ. ಸಂಯುಕ್ತ ವಸ್ತುವಿನಲ್ಲಿ ಧಾತುಗಳ ಪ್ರಮಾಣವು ನಿಯತವಾದದ್ದು. ಅರಳಿದ ಸುಣ್ಣದ 74 ಗ್ರಾಮಿನಲ್ಲಿ ಕ್ಯಾಲ್ಸಿಯಮ್ 40 ಗ್ರಾಂ, ಅದು ಯಾವ ಊರಿನ ಗೂಡಿನಲ್ಲಿ ಬೆಂದದ್ದಾದರೂ ಸರಿಯೆ.

ಕ್ರಿಯೆಯಲ್ಲಿ ದ್ರವ್ಯರಾಶಿಯು ನಷ್ಟವಾಗುವುದಿಲ್ಲವೆಂಬ ನಿಯಮವನ್ನು ಕಲಿತ ವಿದ್ಯಾರ್ಥಿಯು ಮೋಲುಗಳ ಸಂಖ್ಯೆಯೂ ಬದಲಾಗದೆಂದು ಸುಲಭವಾಗಿ ನಂಬಿಬಿಡುತ್ತಾನೆ. ಕಬ್ಬೇ ಅವನನ್ನು ಈ ತಪ್ಪಿಗೆ ಸೆಳೆದೀತು. ಕಡಿದ ಕಬ್ಬು ಬಹುಕಾಲ ಬಿಸಿಲಿನಲ್ಲಿ ಬಿದ್ದರೆ ಅದರ ಸುಕ್ರೋಸ್ ನೀರಿನೊಡನೆ ಸೇರಿ ಗ್ಲೂಕೋಸ್ ಮತ್ತು ಫ್ರಕ್ಟೋಸುಗಳಾಗಿ ಒಡೆಯುತ್ತದೆ. ಅಂಥ ಹಾಲಿನ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲದೆಂಬುದನ್ನು ಆಲೆಮನೆಯವರೆಲ್ಲ ಬಲ್ಲರು. ಇಲ್ಲಿ 342 ಗ್ರಾಂ ಸುಕ್ರೋಸಿಗೆ 18 ಗ್ರಾಂ ನೀರು ಕೂಡಿ ತಲಾ 180 ಗ್ರಾಮಿನ ಎರಡು ಸಕ್ಕರೆಗಳಾಗುತ್ತವೆ: ಮೊದಲು ಎರಡು ಮೋಲ್, ಕೊನೆಗೂ ಎರಡು ಮೋಲ್. ಆದರೆ ಇದು ಈ ಕ್ರಿಯೆಗೆ ಒದಗಿದ ಆಕಸ್ಮಿಕವೇ ಹೊರತು ನಿಯಮವಲ್ಲ. ಸುಣ್ಣದ ಗೂಡಿನಲ್ಲಿ 100 ಗ್ರಾಂ ಸುಣ್ಣದ ಕಲ್ಲು ಸುಟ್ಟು 56 ಗ್ರಾಂ ಸುಣ್ಣವೂ 44 ಗ್ರಾಂ ಇಂಗಾಲದ ಡೈಆಕ್ಸೈಡೂ ಆಗುವಾಗ ಒಂದು ಮೋಲ್ ಎರಡಾಗುತ್ತದೆ. ನೀರೆರೆದು ಅರಳಿಸುವಾಗ ಎರಡು ಮೋಲ್ ಒಂದಾಗುತ್ತದೆ. ಎರಡು ಸಂದರ್ಭಗಳಲ್ಲೂ ತೂಕ ಮಾತ್ರ ಕಿಂಚಿತ್ತೂ ಕದಲುವುದಿಲ್ಲ. ಕಲ್ಲಿನ ತೂಕವನ್ನು ಬೆಂಕಿ ತಿಂದಿತೆಂಬ ಮಾತು ಆದಕಾರಣ ನಿಜವಲ್ಲ. ಅದು ಗಾಳಿಗೆ ಹೋಯಿತು. ಗೋಡೆಗೆ ಬಳಿದ ಸುಣ್ಣದ ಗಾರೆಯು ಅದೇ ಅನಿಲವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಹೀರಿ, ನೀರನ್ನು ಬಿಟ್ಟುಕೊಟ್ಟು, ಮತ್ತೆ ಕಲ್ಲಾಗುತ್ತದೆ. ಸುರ್ಕಿಯ ಕಥೆ ಇದಕ್ಕಿಂತ ಜಟಿಲ. ಅಲ್ಲಿ ಸುಟ್ಟ ಜೇಡಿಯಲ್ಲಿನ ಸಿಲಿಕಾ ಸುಣ್ಣದೊಡನೆ ಬೆಸೆಯುವುದರಿಂದಲೇ ಗಾರೆಯು ನೀರಿನೊಳಗೂ ಗಟ್ಟಿಯಾಗುತ್ತದೆ.

ಮೋಲ್ ಎಂಬುದೇ ಒಂದು ತೂಕವೆಂಬ ಭಾವನೆಗೆ ಹಳೆಯ ಪಠ್ಯಗಳೂ ಕೊಂಚ ಹೊಣೆ. ಇಂಗಾಲ-12ರ 12 ಗ್ರಾಮಿನಲ್ಲಿರುವಷ್ಟು ಕಣಗಳ ಸಮೂಹವೇ ಮೋಲ್ ಎಂದು ಅವು ಹೇಳುತ್ತಿದ್ದುವು, ಓದಿದವನ ನೆನಪಿನಲ್ಲಿ ಗ್ರಾಂ ಮಾತ್ರ ಉಳಿಯುತ್ತಿತ್ತು. 2019ರ ಮೇ 20ರಿಂದ ಜಾರಿಯಲ್ಲಿರುವ ನಿರೂಪಣೆ ನಿಸ್ಸಂದಿಗ್ಧವಾಗಿದೆ: ಒಂದು ಮೋಲ್ ಎಂದರೆ 6.02214076 × 10²³ ಕಣಗಳು, ಅಷ್ಟೆ.

ಕೊನೆಯದಾಗಿ, ಒಂದು ಮೋಲ್ ಯಾವುದಾದರೂ 22.4 ಲೀಟರ್ ಎಂಬ ಬಾಯಿಪಾಠ. ಒಂದು ಮೋಲ್ ನೀರು ಹಿಡಿಸುವುದು 18 ಮಿಲಿಲೀಟರಿನಷ್ಟು ಜಾಗದಲ್ಲಿ. ಒಂದು ಮೋಲ್ ಸಕ್ಕರೆಯ ಹರಳು ಸುಮಾರು 215 ಮಿಲಿಲೀಟರ್. 22.4 ಎಂಬುದು ಅನಿಲಗಳಿಗೆ ಮಾತ್ರ ಸಲ್ಲುವ ಅಂಕಿ, ಅದೂ ಸೊನ್ನೆ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸಮುದ್ರಮಟ್ಟದ ವಾಯುಭಾರದಲ್ಲಿ. ಸಮುದ್ರಮಟ್ಟಕ್ಕಿಂತ ಸುಮಾರು 680 ಮೀಟರ್ ಎತ್ತರದಲ್ಲಿರುವ ಶ್ರೀರಂಗಪಟ್ಟಣದಲ್ಲಿ, 30 ಡಿಗ್ರಿಯ ಒಂದು ಮಧ್ಯಾಹ್ನ, ಅದೇ ಒಂದು ಮೋಲ್ ಅನಿಲವು ಸುಮಾರು 27 ಲೀಟರ್ ಜಾಗವನ್ನು ಬೇಡುತ್ತದೆ. ಒಂದು ಕಿಲೋ ಸುಣ್ಣದ ಕಲ್ಲನ್ನು ಪೂರ್ಣವಾಗಿ ಸುಟ್ಟಾಗ ಹೊರಡುವ 10 ಮೋಲ್ ಇಂಗಾಲದ ಡೈಆಕ್ಸೈಡು, ತಣ್ಣಗಾಗಿ ಅಲ್ಲಿನ ಗಾಳಿಯ ಉಷ್ಣತೆಗೆ ಇಳಿದ ಮೇಲೆ, ಸುಮಾರು 270 ಲೀಟರ್ ಆಗುತ್ತದೆ.