ಕೊನೆಯಿಂದ ಮೊದಲಿಗೆ: ಡ್ರೋನ್ ಹಾದಿಯ ಲೆಕ್ಕ

2020ರ ಏಪ್ರಿಲ್‌ನಲ್ಲಿ ಹಳ್ಳಿ ಮನೆಗಳ ಆಸ್ತಿ ನಕ್ಷೆ ತಯಾರಿಸುವ ಸ್ವಾಮಿತ್ವ ಯೋಜನೆ ಆರಂಭವಾದ ಮೇಲೆ ಕರ್ನಾಟಕದ ಹಳ್ಳಿಗಳ ಮೇಲೂ ಡ್ರೋನ್‌ಗಳು ಹಾರಿ ಮನೆ, ಹಿತ್ತಿಲು, ಓಣಿಗಳ ಚಿತ್ರ ತೆಗೆದವು. ಚಿತ್ರ ತೆಗೆದ ಕ್ಷಣದಲ್ಲಿ ಡ್ರೋನ್ ಎಲ್ಲಿತ್ತು ಎಂಬುದು ಎಷ್ಟು ನಿಖರವಾಗಿ ತಿಳಿಯುತ್ತದೋ ನಕ್ಷೆಯೂ ಅಷ್ಟು ಗಟ್ಟಿ. ಫೋನಿನ ಜಿಪಿಎಸ್‌ನಂತೆ ಮೀಟರುಗಟ್ಟಲೆ ತಪ್ಪಿದರೆ ಇಬ್ಬರ ಮನೆಯ ನಡುವಿನ ಗೋಡೆ ಯಾರದೆಂದು ಹೇಳಲಾಗದು.

ಸೆಂಟಿಮೀಟರ್ ಮಟ್ಟದ ನಿಖರತೆ ಬರುವುದು ರೇಡಿಯೊ ಅಲೆಗಳನ್ನು ಎಣಿಸುವುದರಿಂದ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅವು ಕಳಿಸುವ ಎಲ್1 ಅಲೆಯ ಉದ್ದ ಸುಮಾರು 19 ಸೆಂ.ಮೀ. ಅಲೆಯೊಂದರ ಚೂರನ್ನು ರಿಸೀವರ್ ಮಿಲಿಮೀಟರ್‌ಗಳಲ್ಲಿ ಅಳೆಯಬಲ್ಲದು. ಆದರೆ ಉಪಗ್ರಹಕ್ಕೂ ತನಗೂ ನಡುವೆ ಎಷ್ಟು ಪೂರ್ತಿ ಅಲೆಗಳಿವೆ ಎಂಬುದು ಅದಕ್ಕೆ ನೇರವಾಗಿ ತಿಳಿಯದು. ನೆಲದಲ್ಲಿ ನಿಲ್ಲಿಸಿದ ಬೇಸ್ ರಿಸೀವರಿನ ದಾಖಲೆಯೊಂದಿಗೆ ತಾಳೆ ನೋಡಿ ಆ ಪೂರ್ಣಸಂಖ್ಯೆ ಹುಡುಕಬೇಕು. ಸಿಕ್ಕರೆ 'ಫಿಕ್ಸ್', ಸಿಗದಿದ್ದರೆ 'ಫ್ಲೋಟ್'.

ಈ ಹುಡುಕಾಟಕ್ಕೆ ಬಳಸುವುದು ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಗಣಿತ ವಿಧಾನ. ಪ್ರತಿ ಹೊಸ ಅಳತೆ ಬಂದಾಗ ಅದು ಹಳೆಯ ಅಂದಾಜನ್ನು ತಿದ್ದಿಕೊಳ್ಳುತ್ತದೆ. ಹಾಗಾಗಿ ಆರಂಭದಲ್ಲಿ ಅದರ ತಿಳಿವು ಕಡಿಮೆ. ಡ್ರೋನ್ ಮರದ ಪಕ್ಕದಿಂದ ಮೇಲೆದ್ದು ಸಂಕೇತ ತುಂಡಾದರೆ ಎಣಿಕೆಯನ್ನು ಮತ್ತೆ ಮೊದಲಿನಿಂದ ಶುರುಮಾಡಬೇಕು. ಮೊದಲ ಹಲವು ಚಿತ್ರಗಳು ಫ್ಲೋಟ್‌ನಲ್ಲೇ ಉಳಿದುಬಿಡಬಹುದು.

ಸಿಕ್ಕಾದ ದಾರ ಒಂದು ತುದಿಯಿಂದ ಬಿಡದಿದ್ದರೆ ಇನ್ನೊಂದು ತುದಿ ಹಿಡಿಯುತ್ತೇವೆ. ಹಾರಾಟ ಮುಗಿದ ಮೇಲೆ ದಾಖಲೆಯೆಲ್ಲ ಕೈಯಲ್ಲಿರುವುದರಿಂದ ಇಲ್ಲಿಯೂ ಅದು ಸಾಧ್ಯ. ಲೆಕ್ಕವನ್ನು ಕೊನೆಯ ಕ್ಷಣದಿಂದ ಶುರುಮಾಡಿದರೆ, ಬಯಲಿನ ಮೇಲೆ ಹಾರುವಾಗ ಸಿಕ್ಕ ಪೂರ್ಣಸಂಖ್ಯೆಯನ್ನು ಹಿಡಿದುಕೊಂಡೇ ಆರಂಭದ ನಿಮಿಷಗಳಿಗೆ ಬರಬಹುದು. ನಡುವೆ ಸಂಕೇತ ತುಂಡಾಗದಿದ್ದರೆ ಸಾಕು.

ಹಾಗಾದರೆ ಲೆಕ್ಕಕ್ಕೆ ಯಾವ ದಿಕ್ಕನ್ನು ಆರಿಸಬೇಕು? ಹಾರುತ್ತಿರುವಾಗಲೇ ಉತ್ತರ ಬೇಕಿದ್ದರೆ ಮೊದಲಿನಿಂದ ಕೊನೆಗೆ ಸಾಗುವ ಮುಂದಿನ ದಿಕ್ಕೊಂದೇ ದಾರಿ. ಆರಂಭದ ದಾಖಲೆ ಕೆಟ್ಟು ಕೊನೆ ಚೆನ್ನಾಗಿದ್ದರೆ ಹಿಂದಿನ ದಿಕ್ಕು. ಉಳಿದಂತೆ ಎರಡನ್ನೂ ಕೂಡಿಸುವುದೇ ಲೇಸು. ಜಪಾನಿನ ತೊಮೊಜಿ ತಕಾಸು ರೂಪಿಸಿದ ಉಚಿತ ತಂತ್ರಾಂಶ ಆರ್‌ಟಿಕೆಲಿಬ್‌ನಲ್ಲಿ ಈ ಮೂರು ಆಯ್ಕೆಗಳೂ ಇವೆ.

ಕೂಡಿಸುವುದರ ದೊಡ್ಡ ಲಾಭ ಪರೀಕ್ಷೆ. ಎರಡೂ ದಿಕ್ಕಿನಲ್ಲಿ ಫಿಕ್ಸ್ ಎಂದು ಬಂದರೂ ಜಾಗಗಳು ದೂರ ದೂರ ಬಿದ್ದರೆ, ಒಂದಾದರೂ ತಪ್ಪು ಸಂಖ್ಯೆಯನ್ನು ನಂಬಿದೆ ಎಂದೇ ಅರ್ಥ. ಒಂದೇ ದಿಕ್ಕಿನ ಲೆಕ್ಕದಲ್ಲಿ ಈ ತಪ್ಪು ಸುಲಭವಾಗಿ ಕಣ್ಣಿಗೆ ಬೀಳದು. ಆದ್ದರಿಂದ ಸರ್ವೆ ಮಾಡುವವರಲ್ಲಿ ಒಂದು ಮನವಿ: ಎರಡೂ ಕಡೆಯಿಂದ ಲೆಕ್ಕ ಹಾಕಿ, ಎರಡೂ ಒಪ್ಪದ ಕಡೆ ಗಡಿಗೆರೆ ಎಳೆಯಬೇಡಿ, ಅಲ್ಲಿ ಮತ್ತೊಮ್ಮೆ ಅಳೆಯಿರಿ.