ನಂಬಿಕೆಯ ಜೊತೆಗೆ ಅಧಿಕಾರವೂ ಬೇಕು

1900ರಲ್ಲಿ ನ್ಯೂಯಾರ್ಕ್‌ನ ದತ್ತಿ ಸಂಸ್ಥೆಯೊಂದು ಜೆಸ್ಸಿ ಸ್ಲೀಟ್ ಎಂಬ ಕಪ್ಪು ನರ್ಸನ್ನು ಎರಡು ತಿಂಗಳ ಮಟ್ಟಿಗೆ, ನೋಡೋಣವೆಂದು, ಕೆಲಸಕ್ಕೆ ತೆಗೆದುಕೊಂಡಿತು. ಕಪ್ಪು ಜನರ ಕೇರಿಗಳಲ್ಲಿ ಆಗ ಕ್ಷಯ ಹರಡಿತ್ತು, ಅದಕ್ಕೆ ಮದ್ದಿರಲಿಲ್ಲ. ಗಾಳಿ ಬೆಳಕು, ಒಳ್ಳೆಯ ಊಟ, ವಿಶ್ರಾಂತಿ, ಉಳಿದವರಿಗೆ ತಗುಲದಂತೆ ಎಚ್ಚರ, ಇಷ್ಟೇ. ಅದನ್ನು ಹೇಳುವುದಕ್ಕೂ ಮೊದಲು ಮನೆಯವರು ಒಳಗೆ ಕರೆಯಬೇಕಲ್ಲ? ಸ್ಲೀಟ್‌ರನ್ನು ಕರೆದರು, ಎರಡು ತಿಂಗಳ ಕೆಲಸ ವರ್ಷಗಟ್ಟಲೆ ನಡೆಯಿತು. ದಕ್ಷಿಣ ಕೆರೊಲಿನಾದ ಪೈನ್‌ವಿಲ್ ಎಂಬ ಹಳ್ಳಿಯಲ್ಲಿ ಮಾಡ್ ಕ್ಯಾಲನ್ ಎಂಬ ಇನ್ನೊಬ್ಬ ಕಪ್ಪು ನರ್ಸ್ 1923ರಿಂದ ಇದೇ ಬಗೆಯ ಕೆಲಸ ಮಾಡಿದರು. ಕೆಸರು ದಾರಿ ತುಳಿದು ಹೋಗಿ ಹೆರಿಗೆ ಮಾಡಿಸಿದರು, ಊರಿನ ಸೂಲಗಿತ್ತಿಯರಿಗೆ ತರಬೇತಿ ಕೊಟ್ಟರು. 1951ರಲ್ಲಿ ‘ಲೈಫ್’ ಪತ್ರಿಕೆ ಅವರ ಚಿತ್ರಗಳನ್ನು ಅಚ್ಚುಹಾಕಿದ ಮೇಲೆ ಓದುಗರು ಹಣ ಕಳಿಸಿದರು, ಒಂದು ಚಿಕಿತ್ಸಾಲಯ ಎದ್ದಿತು. ಜನರ ನಂಬಿಕೆ ಅವರಿಗೆ ಎಂದೋ ಸಿಕ್ಕಿತ್ತು. ಕಟ್ಟಡಕ್ಕೆ ಮಾತ್ರ ಇಪ್ಪತ್ತೆಂಟು ವರ್ಷ ಕಳೆದ ಮೇಲೂ ಅಪರಿಚಿತರ ಕೊಡುಗೆಯೇ ಬೇಕಾಯಿತು.

ರೋಗಕ್ಕೆ ಬಣ್ಣವಿಲ್ಲ, ಕಪ್ಪು ಜನರಿಗೆ ಕಪ್ಪು ನರ್ಸೇ ಎನ್ನುವುದು ಹಳೆಯ ಬೇರ್ಪಡಿಕೆಯಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಬೇರ್ಪಡಿಕೆಯಲ್ಲಿ ರೋಗಿಗೆ ಆಯ್ಕೆಯೇ ಇರಲಿಲ್ಲ. ಇಲ್ಲಿ ಬಾಗಿಲು ತೆರೆಯುವವರು ರೋಗಿಯೇ. ವೈದ್ಯರ ಬಗ್ಗೆ ಕಪ್ಪು ಜನರಿಗಿರುವ ಅಪನಂಬಿಕೆಗೂ ಕಾರಣವಿದೆ. 1932ರಿಂದ 1972ರವರೆಗೆ ಅಲಬಾಮದಲ್ಲಿ ಸರ್ಕಾರವೇ ನಡೆಸಿದ ಟಸ್ಕೀಗಿ ಅಧ್ಯಯನದಲ್ಲಿ ಸಿಫಿಲಿಸ್ ಇದ್ದ ಸುಮಾರು 400 ಕಪ್ಪು ಪುರುಷರಿಗೆ, ಪೆನಿಸಿಲಿನ್ ಬಂದ ಮೇಲೂ, ಅದನ್ನು ಕೊಡಲಿಲ್ಲ. ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ತಪಾಸಣೆಗೆ ಕರೆತರುತ್ತಿದ್ದವರು ಯೂನಿಸ್ ರಿವರ್ಸ್, ಕಪ್ಪು ನರ್ಸ್. ಜನ ನಂಬುವ ನರ್ಸ್ ಬೇಕು ಎಂಬ ನನ್ನ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಇದೇ: ಜನ ನಂಬಿದ್ದರಿಂದಲೇ ಮೋಸ ಅಷ್ಟು ವರ್ಷ ನಡೆಯಿತು. ನಾನು ಇದನ್ನು ಹೀಗೆ ಓದುತ್ತೇನೆ: ನರ್ಸಿನ ಮೇಲಿನ ನಂಬಿಕೆಯನ್ನು ಸಂಸ್ಥೆ ಬಳಸಿಕೊಂಡಿತು, ವೈದ್ಯರನ್ನು ಪ್ರಶ್ನಿಸುವ ಹಕ್ಕನ್ನು ಮಾತ್ರ ಆಕೆಗೆ ಕೊಡಲಿಲ್ಲ.

ನರ್ಸ್ ಯಾರಾದರೇನು, ಬಡತನ ಹೋದರೆ ಎಲ್ಲ ಸರಿಹೋಗುತ್ತದೆ ಎನ್ನುವ ಇನ್ನೊಂದು ವಾದವೂ ಪೂರ್ತಿ ನಿಜವಲ್ಲ. 2023ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 50.3 ಕಪ್ಪು ತಾಯಂದಿರು ತೀರಿಕೊಂಡರು. ಬಿಳಿಯರಲ್ಲಿ ಅದು 14.5. ಕಾಲೇಜು ಓದಿದ ಕಪ್ಪು ಹೆಂಗಸರಿಗೂ ಈ ಅಪಾಯ ತಪ್ಪಿಲ್ಲ. ಬಾಣಂತಿ ತಲೆ ಸಿಡಿಯುತ್ತಿದೆ ಎನ್ನುತ್ತಾಳೆ. ಅದು ನಿದ್ದೆಗೇಡಿನ ನೋವಿರಬಹುದು, ಏರಿದ ಬಿಪಿಯೂ ಇರಬಹುದು. ಆ ಮಾತನ್ನು ತಳ್ಳಿಹಾಕದೆ ತೋಳಿಗೆ ಬಿಪಿ ಪಟ್ಟಿ ಸುತ್ತುವ ನರ್ಸ್ ಬೇಕು. ವೈದ್ಯರು ನಾಳೆ ನೋಡೋಣ ಎಂದರೆ, ಈಗಲೇ ಬನ್ನಿ ಎನ್ನುವ ಅಧಿಕಾರವೂ ಆಕೆಗಿರಬೇಕು.